ಚಂದ್ರಿಯ ಹಗ್ಗದ ತುದಿ

ಕುಲಗೋಡ
೧೨ ಜನವರಿ ೨೦೨೫

ಪ್ರೀತಿಯ ನಾಗರತ್ನಾ ಅಕ್ಕನಿಗೆ, ತಂಗಿ ಅಲ್ಲವ್ವನ ನಮಸ್ಕಾರ.

ನಿನ್ನೆ ಮಧ್ಯಾಹ್ನ ಮತ್ತೆ ಅದೇ ಕೆಟ್ಟ ಕನಸು. ನಿನ್ನ ಎಮ್ಮೆ ಚಂದ್ರಿ ನಮ್ಮ ಅಂಗಳದಲ್ಲಿ ನಿಂತಿದೆ, ಮೈಯಿಂದ ನೀರು ಸೋರುತ್ತಿದೆ. ಮೇವು ಹಾಕಿದೆ, ತಿನ್ನಲಿಲ್ಲ. ಸುಮ್ಮನೆ ನನ್ನ ಕೈಯನ್ನೇ ನೋಡುತ್ತಿತ್ತು. ಎದ್ದವಳೇ ಒಲೆ ಆರಿಸಿದ್ದೇನೋ ಇಲ್ಲವೋ ಎಂದು ಎರಡು ಸಲ ನೋಡಿ ಬಂದೆ. ನನ್ನ ಸ್ವಭಾವ ನಿನಗೆ ಗೊತ್ತಲ್ಲ.

ಪತ್ರ ತಡವಾಯಿತು, ಸಿಟ್ಟಾಗಬೇಡ. "ನನ್ನ ಮೊಣಕಾಲು ಹಿಡಿದೈತಿ, ಪ್ರದರ್ಶನಕ್ಕ ನನ್ನ ಬದಲಿ ನೀನ ಹೋಗಿ ಬಾ" ಎಂದು ನೀನು ಹೇಳಿದೆ. ಹೋಗಿ ಬಂದು ಹತ್ತು ದಿನವಾಯಿತು. ಫೋನಿನಲ್ಲಿ ಹೇಳೋಣವೆಂದು ಹಚ್ಚಿ, ನೀನು ಎತ್ತುವ ಮೊದಲೇ ಎರಡು ಸಲ ಇಟ್ಟುಬಿಟ್ಟೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳ ಅಕ್ಷರ, ತಪ್ಪಿದ್ದಲ್ಲಿ ತಿದ್ದಿಕೊಂಡು ಓದು.

ಈ ಪ್ರದರ್ಶನ ಮಾಡಿದ ಮೂಡಲಗಿಯ ಹುಡುಗಿ ಮಯೂರಿ, ಐದು ವರ್ಷದ ಹಿಂದಿನ ಮಹಾಪೂರದಲ್ಲಿ ಹೋದ ದನಗಳ ಹಗ್ಗ ಬೇಕೆಂದು ನಿಮ್ಮ ಘೋಡಗೇರಿಗೂ ಬಂದಿದ್ದಳಲ್ಲ. ದನ ಹೋದರೂ ಹಗ್ಗ ಮನೆಯಲ್ಲೇ ಇಟ್ಟುಕೊಳ್ಳುವವರು ನಾವು. ಹೊಳೆದಂಡೆಯ ಊರೂರಲ್ಲೂ ಸಿಕ್ಕಿವೆ. ಅವನ್ನೆಲ್ಲ ಗೋಕಾಕದ ಒಂದು ಹಳೆಯ ಹತ್ತಿ ಗೋದಾಮಿನ ಮಾಡಿನಿಂದ ಇಳಿಬಿಟ್ಟಿದ್ದಾಳೆ. ನೆಲದ ತುಂಬ ಹೊಳೆಯ ಹಸಿ ಮಣ್ಣು, ಅದರಲ್ಲಿ ದನದ ಗೊರಸಿನ ಗುರುತು.

ಬಾಜೂ ಮನೆಯ ಅನ್ನಪೂರ್ಣಾ ಜೊತೆಗಿದ್ದಳು. ಬಸ್ಸಿನುದ್ದಕ್ಕೂ "ಹಗ್ಗ ನೋಡಾಕ ಗೋಕಾಕಕ್ಕ ಹೊಂಟೇವಿ! ನಮ್ಮ ಹಿತ್ತಲದಾಗ ಕಡಿಮಿ ಬಿದ್ದಾವೇನ?" ಎಂದು ನಗಿಸಿದವಳು ಬಾಗಿಲಲ್ಲೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಒಳಗಿನದನ್ನು ನೋಡಿ, ಗುಡಿಗೆ ಬಂದವರ ಹಾಗೆ ಇಬ್ಬರೂ ಚಪ್ಪಲಿ ಬಿಟ್ಟೆವು. ನಮ್ಮನ್ನು ನೋಡಿ ಹಿಂದಿನವರೂ ಬಿಟ್ಟರು. ಮಯೂರಿ ಓಡಿ ಬಂದು, "ಚಪ್ಪಲಿ ಬಿಡ್ರಿ ಅಂತ ನಾ ಹೇಳಿರಲಿಲ್ಲರಿ ಅವ್ವಾರ. ಇರಲಿ, ಹಿಂಗ ಛಲೋ ಆತು. ಹಗ್ಗ ಮುಟ್ರಿ, ಮುಟ್ಟಾಕಂತ ಹಾಕೇನಿ" ಎಂದಳು.

ಅಕ್ಕಾ, ಹೇಗೆ ಹೇಳಲಿ. ಕಿಟಕಿಯಿಂದ ಗಾಳಿ ಬಂತು. ಅಷ್ಟೂ ಹಗ್ಗ ಒಮ್ಮೆಲೇ ಅಲುಗಿದವು, ಎಲ್ಲೋ ಒಂದು ಗಂಟೆ ಕಿಣಿ ಎಂದಿತು. ಕಣ್ಣಿಗೆ ಕಾಣದ ದನಗಳೆಲ್ಲ ಕತ್ತು ತಿರುಗಿಸಿ, ಯಾರು ಬಂದರೆಂದು ನೋಡಿದ ಹಾಗಾಯಿತು. ತುಕ್ಕಾನಟ್ಟಿಯ ಮುದುಕ ದುರ್ಗಪ್ಪ ಕಾಕಾ ಒಂದು ಹಗ್ಗ ಹಿಡಿದು, "ನಡಿಯಲೇ, ಎಷ್ಟೊತ್ತ ನಿಂದರ್ತಿ" ಎಂದು ಮೆಲ್ಲಗೆ ಗದರುತ್ತಿದ್ದ. ಯಾರೂ ನಗಲಿಲ್ಲ. ತಿರುಗಿ ನೆಲ ನೋಡಿದರೆ ಗೊರಸಿನ ಗುರುತಿನೊಳಗೆ ನಮ್ಮ ಬರಿಗಾಲು ಮೂಡಿತ್ತು. ಯಾವುದು ದನದ್ದು, ಯಾವುದು ನಮ್ಮದು, ಬೇರೆ ಮಾಡಲು ಬರುತ್ತಿರಲಿಲ್ಲ.

ಚಂದ್ರಿಯ ಪುಂಡಿನಾರಿನ ಹಗ್ಗ ಕಿಟಕಿಯ ಹತ್ತಿರ ಇದೆ. ನೀನು ಹೇಳಿದ್ದನ್ನೇ ಚೀಟಿಯಲ್ಲಿ ಬರೆದು ಅಂಟಿಸಿದ್ದಾಳೆ: "ನಾ ದವಾಖಾನಿಯೊಳಗ ಇದ್ದೆ. ನೀರು ಬಂದಾಗ ನಮ್ಮ ಮನ್ಯಾಗಿದ್ದ ನನ್ನ ತಂಗಿ ಅಲ್ಲವ್ವ ಹಗ್ಗ ಕೊಯ್ದು ಚಂದ್ರಿನ್ನ ಬಿಟ್ಟಳು. ಆಮ್ಯಾಲ ಹೊಳಿ ಒಯ್ದರ ಆಕಿ ಏನ ಮಾಡ್ಯಾಳು."

ಅನ್ನಪೂರ್ಣಾ ಓದಿ, "ಏ, ನಿನ್ನ ಹೆಸರ ಬರದಾರಲ್ಲ! ದೊಡ್ಡ ಮನಶ್ಯಾಳ ಆದಿ ಬಿಡು!" ಎಂದಳು. ನಾನು ಹಗ್ಗ ಹಿಡಿದು ನಿಂತೇ ಇದ್ದೆ.

ಮೊಣಕಾಲಿಗೆ ಎಣ್ಣೆ ಹಚ್ಚುವುದು ಬಿಡಬೇಡ. ನಿನ್ನ ಮಗಳು ಕಾಜಲ್‌ಗೆ ನನ್ನ ಆಶೀರ್ವಾದ. ನಿಮ್ಮ ಕೊಟ್ಟಿಗೆ ಸದಾ ತುಂಬಿರಲಿ.

ನಿನ್ನ ತಂಗಿ
ಅಲ್ಲವ್ವ

ತಾ.ಕ.: ಐದು ವರ್ಷದಿಂದ ಹೇಳದ್ದನ್ನು ಹೇಳುತ್ತೇನೆ. ನಾನು ಹಗ್ಗ ಕೊಯ್ಯಲಿಲ್ಲ ಅಕ್ಕಾ. ಕುಡಗೋಲು ಕೈಯಲ್ಲೇ ಇತ್ತು. ನೀರು ಸೊಂಟಕ್ಕೆ ಬಂತು, ಹೆದರಿ ಓಡಿದೆ. ಚಂದ್ರಿ ಒದರಿತು. ನಾನು ತಿರುಗಿ ನೋಡಲಿಲ್ಲ. ನೀನು ಗೂಟದಿಂದ ಬಿಚ್ಚಿ, ಕೆಸರು ಮೆತ್ತಿದಂತೆಯೇ ಸುತ್ತಿ ಇಟ್ಟಿದ್ದ ಹಗ್ಗವನ್ನು ಮಯೂರಿ ತೊಳೆದಿದ್ದಾಳೆ, ಈಗ ತುದಿ ಕಾಣುತ್ತದೆ. ಕೊಯ್ದ ತುದಿ ಸಪಾಟಾಗಿರುತ್ತದೆ. ಇದು ನಾರು ನಾರಾಗಿ ಕಿತ್ತುಹೋಗಿದೆ. ಅದು ತಾನೇ ಜಗ್ಗಿ ಹರಿದುಕೊಂಡಿತೇ? ಹರಿದುಕೊಂಡಿದ್ದರೆ ಈಜಿರಬಹುದು, ಎಲ್ಲೋ ಒಂದು ದಂಡೆ ಹತ್ತಿರಬಹುದು. ನನ್ನ ಕಣ್ಣನ್ನು ನಾನು ನಂಬುವುದಿಲ್ಲ. ಹಗ್ಗ ಮನೆಗೆ ವಾಪಸ್ ಬಂದಾಗ, ನನ್ನನ್ನು ಬೈಯುವಷ್ಟು ಬೈದು, ಆ ತುದಿಯನ್ನು ಬಿಸಿಲಿಗೆ ಹಿಡಿದು ಇನ್ನೊಮ್ಮೆ ನೋಡು.