ಕೋಟೆಯೂರಿನ ಟೈಮ್‌ಟೇಬಲ್‌ಗೊಂದು ತಿದ್ದುಪಡಿ

ಅಕ್ಕಾ,

ನೀನು ಶಾಲೆಯಲ್ಲಿ ಪಾಠ ಮಾಡಿ ಬರುವಾಗ ನಾನು ಹೋಟೆಲ್ ಡ್ಯೂಟಿಯಲ್ಲಿರುತ್ತೇನೆ. ಬಂಗುಡೆ ಸಾರು ಒಲೆಯ ಮೇಲೆ ಉಂಟು, ಬಿಸಿ ಮಾಡಿಕೊ. ಬಾಲ್ಕನಿಯ ಬಟ್ಟೆ ಒಳಗೆ ತಾ.

ನೀನು ಫ್ರಿಜ್ಜಿಗೆ ಅಂಟಿಸಿದ ನಮ್ಮ ಫ್ರಾನ್ಸ್ ಪ್ರವಾಸದ ಟೈಮ್‌ಟೇಬಲ್ ಓದಿದೆ. ಪ್ಯಾರಿಸ್ಸಿನಿಂದ ಒಂದು ದಿನ ಕೋಟೆಯ ಹಳ್ಳಿ ನೋಡಿ ಬರಲಿಕ್ಕೆ ಇಷ್ಟೊಂದು ಪೀರಿಯಡ್ ಯಾಕೆ ಮಾರಾಯ್ತಿ? ಕೋಟೆಗೆ ನಲವತ್ತು ನಿಮಿಷ, ಊಟಕ್ಕೆ ಇಪ್ಪತ್ತು. ನದಿ ದಂಡೆಗೆ ಗೀಟು ಹೊಡೆದು 'ಸಮಯವಿಲ್ಲ' ಅಂತ ಕೆಂಪು ಪೆನ್ನಿನಲ್ಲಿ ಬೇರೆ ಬರೆದಿದ್ದೀ. ನಾನು ಎರಡು ವರ್ಷದ ರಜೆ ಕೂಡಿಸಿಟ್ಟದ್ದೇ ಆ ದಂಡೆಯಲ್ಲಿ ಕೂರಲಿಕ್ಕೆ.

ತಪ್ಪು ಎಲ್ಲಿ ಆಗಿದೆ ಗೊತ್ತುಂಟಾ? 'ಏಳಕ್ಕೆ ಕತ್ತಲೆ, ಐದರ ಬಸ್ಸಿಗೇ ವಾಪಸ್' ಅಂತ ಲೆಕ್ಕ ಹಾಕಿದ್ದೀ. ಏಳಕ್ಕೆ ಮಸೀದಿಯ ಬಾಂಗ್ ಕೇಳಿ ಕತ್ತಲಾಗುವುದು ಇಲ್ಲಿ, ನಮ್ಮ ದುಬೈಯ ಕರಾಮದಲ್ಲಿ. ಅಲ್ಲಿ ಜುಲೈಯಲ್ಲಿ ಹತ್ತು ಗಂಟೆಯ ತನಕ ಬೆಳಕಿರುತ್ತದಂತೆ. ನಮ್ಮ ಹೋಟೆಲಿನ ಫ್ರೆಂಚ್ ಶೆಫ್ ಹತ್ತಿರ ಎರಡು ಸಲ ಕೇಳಿಯೇ ಬರೆಯುತ್ತಿದ್ದೇನೆ.

ಹಾಗಾಗಿ ನಿನ್ನ ಕೆಂಪು ಪೆನ್ನಿನಲ್ಲೇ ತಿದ್ದಿದ್ದೇನೆ, ಬೈಯಬೇಡ. ಎಂಟೂವರೆಯ ಕೊನೆಯ ಬಸ್ಸಿಗೆ ಇಬ್ಬರಿಗೂ ಟಿಕೆಟ್ ಮಾಡಿ ಆಯಿತು, ಖಲಾಸ್. ಐದರಿಂದ ಎಂಟರ ತನಕ ನದಿ ದಂಡೆ. ಆ ಪೀರಿಯಡಿನಲ್ಲಿ ಪಾಠ ಇಲ್ಲ.

ಹನ್ನೊಂದು ವರ್ಷ ಬಿಸಿಲಿಗೆ ಹೆದರಿ ಪರದೆ ಎಳೆದುಕೊಂಡು ಕೂತದ್ದು ಸಾಕು. ಒಂದು ಸಂಜೆಯಾದರೂ ನಾವಾಗಿ ಬಿಸಿಲಲ್ಲಿ ಕೂರುವ.

ಸಾಮಾನಿನ ಪಟ್ಟಿಯಲ್ಲಿ ನಿನ್ನ ಕೊಡೆಗೂ ಗೀಟು ಹೊಡೆದಿದ್ದೇನೆ.

ವಿನುತಾ