ಮೂಡುಬಿದಿರೆಯ ಮೂರನೇ ಪಂದ್ಯ

ಬೆಳುವಾಯಿ
2006 ಫೆಬ್ರವರಿ 19, ಭಾನುವಾರ

ಪ್ರೀತಿಯ ಫಯಾಝ್,

ನಿನ್ನ ಪತ್ರ ಕೈಸೇರಿ ಒಂಬತ್ತು ದಿನ ಆಯಿತು. ಇಂದು ಬಸ್ ಸ್ಟ್ಯಾಂಡಿನ ಟೈಂ ಕೀಪರ್ ಕೆಲಸಕ್ಕೆ ರಜೆ ಹಾಕಿದ್ದೇನೆ. ಲೋಲಾಕ್ಷಿ ತವರಿಗೆ ಹೋಗಿದ್ದಾಳೆ. ಮನೆಯಲ್ಲಿ ನಾನೊಬ್ಬನೇ.

ನಾವಿಬ್ಬರೂ ತುಳುವಿನಲ್ಲೇ ಮಾತಾಡಿದವರು. ಕನ್ನಡದಲ್ಲಿ ಬರೆಯಲು ಕುಳಿತರೆ ನೀನು ಹೆಡ್‌ಮಾಸ್ಟರ ಹಾಗೆ ಎದುರು ಕುಳಿತಂತೆ ಅನಿಸುತ್ತದೆ. ಆದರೂ ಇದು ಬಾಯಲ್ಲಿ ಬರುವುದಿಲ್ಲ. ಏಳು ವರ್ಷ ಪ್ರಯತ್ನಿಸಿ ನೋಡಿದ್ದೇನೆ.

ಕಳೆದ ತಿಂಗಳು ನಿನ್ನ ತಾಯಿ, ಉಮ್ಮ, ತೀರಿಕೊಂಡಾಗ ನೀವು ಈಗಿರುವ ಕನ್ಯಾನಕ್ಕೆ ಬಂದಿದ್ದೆ. ಮಸೀದಿಯ ಗೇಟಿನ ಹೊರಗೆ ನಿಂತಿದ್ದವನನ್ನು ನೋಡಿ ನೀನು ಕೋಲೂರಿಕೊಂಡು ಬಂದು ಕೈ ಹಿಡಿದೆ. "ನೀನು ಬಂದದ್ದು ದೊಡ್ಡದು ಜಿತ್ತು" ಎಂದೆ. ನಾನು ತಲೆ ಅಲ್ಲಾಡಿಸಿ ಮುಂದಿನ ಬಸ್ಸು ಹತ್ತಿದೆ.

ಪತ್ರದಲ್ಲಿ ನೀನು ಎರಡು ವಿಷಯ ಕೇಳಿದ್ದೀಯ. ಮಾರ್ಚ್ ಐದಕ್ಕೆ ಮೂಡುಬಿದಿರೆಯಲ್ಲಿ ತೆರೆಯುವ ಹೊಸ ವ್ಯಾಯಾಮ ಶಾಲೆಗೆ ನಮ್ಮಿಬ್ಬರನ್ನೂ ಕರೆದಿದ್ದಾರೆ. ಅಲ್ಲಿ ಕಲಿಯಲು ಬಂದವರಿಗೆ ನಮ್ಮ ಕೊನೆಯ ಪಂದ್ಯದಲ್ಲಿ ನಿನ್ನಿಂದಾದ ತಪ್ಪನ್ನು ನಾನು ತೋರಿಸಿಕೊಡಬೇಕು ಎಂಬುದು ಮೊದಲನೆಯದು. "ನನಗೆ ಬಗ್ಗಲಿಕ್ಕೆ ಆಗುವುದಿಲ್ಲ. ನೀನು ನನ್ನ ಜಾಗದಲ್ಲಿ ನಿಂತು ಕಾಲು ಎಲ್ಲಿ ತಪ್ಪಿತು ಅಂತ ತೋರಿಸು, ನಾನು ಬಾಯಲ್ಲಿ ಹೇಳ್ತೇನೆ. ಅಹಂಕಾರದಿಂದ ಎತ್ತಿದರೆ ಏನಾಗ್ತದೆ ಅಂತ ಅವರಿಗೆ ಗೊತ್ತಾಗಲಿ." ಇವು ನಿನ್ನವೇ ಮಾತುಗಳು. ಎರಡನೆಯದು ಉಮ್ಮನ ಬಗ್ಗೆ. ಕೊನೆಯ ವಾರ ಅವರು ಮೂರು ಸಲ, "ಜಿತೇಶ ಬಂದನಾ? ಏನಾದರೂ ಹೇಳಿದನಾ?" ಎಂದು ವಿಚಾರಿಸಿದರಂತೆ. ನಾನು ಏನು ಹೇಳಬೇಕಿತ್ತು ಎಂದು ನೀನು ಕೇಳಿದ್ದೀಯ.

ಮೊದಲನೆಯದನ್ನು ನಾನು ಮಾಡಲಾರೆ, ಫಯಾಝ್. ನಿನ್ನ ಕಾಲು ತಪ್ಪಿರಲಿಲ್ಲ.

ನಿನಗೆ ಗೊತ್ತಿರುವುದನ್ನೂ ಸೇರಿಸಿ ಬರೆಯುತ್ತೇನೆ. ಕ್ರಮ ತಪ್ಪಿದರೆ ನಡುವೆ ಏನನ್ನಾದರೂ ಬಿಟ್ಟುಬಿಡುತ್ತೇನೆ ಎಂಬ ಭಯ ನನಗೆ.

1999ರ ಫೆಬ್ರವರಿ. ನಮಗೆ ಕಲಿಸಿದ ವಹಾಬ್ ಮಾಸ್ಟ್ರು ನಮ್ಮ ಫ್ರೀ ಸ್ಟೈಲ್ ಕುಸ್ತಿಗೆ ಮೂರು ಊರು, ಮೂರು ಶನಿವಾರ ಗೊತ್ತು ಮಾಡಿದ್ದರು. ಯಾರು ಹೇಗೆ ಗೆಲ್ಲಬೇಕೆಂಬ ಕಥೆಯನ್ನು ನಾವು ಮೂವರೂ ಅವರ ಹೋಟೆಲಿನ ಹಿಂದಿನ ಬೆಂಚಿನಲ್ಲಿ ಕುಳಿತು ಕಟ್ಟಿದೆವು. ಬಂಟ್ವಾಳದಲ್ಲಿ 'ಬೆಳುವಾಯಿ ಬಿರುಗಾಳಿ'ಯಾದ ನಾನು ಮೋಸದಿಂದ ಗೆಲ್ಲಬೇಕು. ಬೆಳ್ತಂಗಡಿಯಲ್ಲಿ ಇಬ್ಬರೂ ರಿಂಗಿನ ಹೊರಗೆ ಬಿದ್ದು ಹೊಡೆದಾಡಿ ಪಂದ್ಯ ರದ್ದಾಗಬೇಕು. ಮೂಡುಬಿದಿರೆಯಲ್ಲಿ 'ಬಂಟ್ವಾಳದ ರೋಡ್ ರೋಲರ್' ಆದ ನೀನು ನನ್ನನ್ನು ತಲೆಯ ಮೇಲೆ ಎತ್ತಿ ಕೆಡವಿ ಗೆಲ್ಲಬೇಕು. ಆಮೇಲೆ ಕೈ ಕೊಟ್ಟು ಎಬ್ಬಿಸಬೇಕು. ಕೈ ಕೊಡುವುದು ನಿನ್ನ ಸೇರ್ಪಡೆ. "ಜನ ಮನೆಗೆ ಹೋಗುವಾಗ ಅವರ ಹೊಟ್ಟೆ ತಣ್ಣಗಿರಬೇಕು ಮಾಸ್ಟ್ರೇ" ಎಂದಿದ್ದೆ.

ಬಂಟ್ವಾಳದಲ್ಲಿ ನಿಮ್ಮ ನೆರೆಮನೆಯ ಸೈನಬ ಕೊಡೆಯಿಂದ ನನ್ನ ಬೆನ್ನಿಗೆ ಬಾರಿಸಿದ್ದು ನೆನಪಿದೆಯೇ? "ನಮ್ಮ ಹುಡುಗನಿಗೆ ಮೋಸ ಮಾಡ್ತೀಯಾ, ನಿನ್ನ ಕೈಗೆ ಹುಳ ಬೀಳ!" ಎಂದು ಬೈದವರು ಮರುದಿನ ನಿಮ್ಮ ಅಂಗಳದಲ್ಲಿ ನಾನು ಅಕ್ಕಿಯ ಪತ್ತಿರಿ ತಿನ್ನುವುದನ್ನು ಕಂಡು ಉಮ್ಮನ ಜೊತೆಗೂ ಜಗಳ ತೆಗೆದರು. ಬೆಳ್ತಂಗಡಿಯಿಂದ ಮರಳುವಾಗ, ವೈರಿಗಳು ಒಟ್ಟಿಗೆ ಕೂರಬಾರದು ಎಂಬ ಮಾಸ್ಟ್ರ ಕಟ್ಟಪ್ಪಣೆಯಂತೆ, ನೀನು ಬಸ್ಸಿನ ಮುಂದಿನ ಬಾಗಿಲಿನಿಂದ ಹತ್ತಿದೆ, ನಾನು ಹಿಂದಿನದರಿಂದ. ಕಂಡಕ್ಟರ್ ಕೈ ಮುಗಿದು, "ಇವತ್ತು ಬಸ್ಸಿನಲ್ಲಿ ಬೇಡ ಮಾರಾಯ್ರೆ, ಹೊಸ ಗ್ಲಾಸು ಹಾಕಿಸಿದ್ದು" ಎಂದ. ಆ ವಾರ ನಾವು ಎಷ್ಟು ನಕ್ಕಿದ್ದೆವು.

ಮೂಡುಬಿದಿರೆಯ ದಿನ ಸಂಜೆ ನಾಲ್ಕೂವರೆಗೆ ನೀನು ನಮಾಜಿಗೆ ಹೋಗಿದ್ದೆ. ಶಾಲೆಯ ಏಳನೇ ತರಗತಿಯ ಕೋಣೆಯಲ್ಲಿ ನಾನು ಬೂಟಿನ ಲೇಸು ಕಟ್ಟುತ್ತಿದ್ದೆ. ಸಂಘಟಕರಲ್ಲಿ ಇಬ್ಬರು ಬಂದು ಮಾಸ್ಟ್ರನ್ನು ಕಿಟಕಿಯ ಹತ್ತಿರ ಕರೆದರು. "ಊರಿನವನು ಊರಿನಲ್ಲೇ ಸೋಲುವುದು ಬೇಡ ಮಾಸ್ಟ್ರೇ. ಜನ ಈಗ ಮೊದಲಿನ ಹಾಗೆ ಇಲ್ಲ. ನಿಮಗೇ ಗೊತ್ತುಂಟಲ್ಲ" ಎಂದರು. 'ಊರಿನವನು' ಎಂಬ ಮಾತಿನ ಒಳಗೆ ಏನಿತ್ತೆಂದು ಮಾಸ್ಟ್ರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನೀನು ಬಂಟ್ವಾಳದಿಂದ ಬಂದವನು ಎಂಬುದಷ್ಟೇ ಅದರ ಅರ್ಥವಾಗಿರಲಿಲ್ಲ.

ಅವರು ಹೋದ ಮೇಲೆ ಮಾಸ್ಟ್ರು ತುಂಬ ಹೊತ್ತು ಕಿಟಕಿಯ ಸರಳು ಹಿಡಿದು ನಿಂತಿದ್ದರು. ಆಮೇಲೆ ನನ್ನನ್ನು ಕರೆದರು.

"ಕಥೆ ಬದಲು ಮಾಡಬೇಕಂತೆ. ನೀನು ಗೆಲ್ಲಬೇಕಂತೆ. ಫಯಾಝ್ ಬಂದ ಕೂಡಲೇ ಹೇಳು. ನನಗೆ ಅವನ ಮುಖ ನೋಡಿ ಹೇಳ್ಲಿಕ್ಕೆ ಆಗುವುದಿಲ್ಲ."

"ಅವನು ಒಪ್ಪದಿದ್ದರೆ?"

"ಒಪ್ಪದಿದ್ದರೆ ಹಳೆಯದೇ ಇರಲಿ. ಕಲ್ಲು ಬಿದ್ದರೆ ಮೊದಲು ನನ್ನ ತಲೆಗೆ ಬೀಳಲಿ. ಒಪ್ಪಿದರೆ ಹೇಗೆ ಬೀಳ್ತೇನೆ ಅಂತ ಅವನೇ ಹೇಳಬೇಕು. ಅದು ನಿನಗೆ ಗೊತ್ತುಂಟಲ್ಲ."

ಗೊತ್ತಿತ್ತು. ನಮ್ಮಲ್ಲಿ ಮೊದಲಿನಿಂದಲೂ ನಡೆದುಬಂದದ್ದು ಅದು. ಕೊನೆಯ ಪಟ್ಟನ್ನು ಸೋಲುವವನು ಆರಿಸುತ್ತಾನೆ. ಗೆಲ್ಲುವವನು ಅವನು ಹೇಳಿದಂತೆ ಮಾಡುತ್ತಾನೆ. ಬೀಳುವ ಮೈ ಅವನದು ತಾನೇ.

ನೀನು ಒದ್ದೆ ತಲೆಯಲ್ಲೇ ಬಂದೆ. "ಎಂತ ಮಾರಾಯ, ಮುಖ ಹೀಗೆ?" ಎಂದೆ. ಹೊಟ್ಟೆ ಸರಿ ಇಲ್ಲ ಎಂದು ನಾನು ಸುಳ್ಳು ಹೇಳಿದೆ. ನೀನು ಆಗಲೇ ರಸ್ತೆಗೆ ಹೋಗಿ ಲಿಂಬೆ ಸೋಡ ತಂದುಕೊಟ್ಟೆ. ನಾನು ಅದನ್ನು ಪೂರ್ತಿ ಕುಡಿದೆ. ಹೇಳಲು ನನಗೆ ಒಂದೂವರೆ ಗಂಟೆಯ ಸಮಯವಿತ್ತು. ರಿಂಗಿನೊಳಗೆ ಮೊದಲ ಸಲ ಕೈ ಹಿಡಿದಾಗಲೂ ಹೇಳಬಹುದಿತ್ತು. ಮಣಿಕಟ್ಟನ್ನು ಎರಡು ಸಲ ಒತ್ತಿದರೆ 'ನಿಲ್ಲು, ಬದಲಾವಣೆ ಉಂಟು' ಎಂದು ನಮ್ಮೊಳಗೆ ಗುರುತಿತ್ತು. ನಾನು ಒತ್ತಲಿಲ್ಲ.

ಇಷ್ಟರ ತನಕ ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ. ಸಂಘಟಕರ ಮೇಲೆ ಹಾಕಿ ಇಲ್ಲೇ ನಿಲ್ಲಿಸಬಹುದು ಅನಿಸಿತು. ಈ ಮೊದಲು ಎರಡು ಸಲ ನಿನಗೆ ಬರೆಯಲು ಕುಳಿತಾಗ ಅಲ್ಲೇ ನಿಲ್ಲಿಸಿ ಹರಿದುಹಾಕಿದ್ದೆ. ಆದರೆ ಅವರು ಕೇಳಿದ್ದು ಕಥೆಯ ಬದಲಾವಣೆಯನ್ನು ಮಾತ್ರ. ನಿನಗೆ ಹೇಳಬೇಡ ಎಂದು ಯಾರೂ ನನಗೆ ಹೇಳಿರಲಿಲ್ಲ.

ನೀನು ಒಪ್ಪುವುದಿಲ್ಲ ಎಂಬ ಹೆದರಿಕೆಯೂ ಇರಲಿಲ್ಲ. ಕೇಳಿದ್ದರೆ ನೀನು "ಆಯ್ತು ಮಾರಾಯ, ನೀನೇ ಗೆಲ್ಲು" ಎನ್ನುತ್ತಿದ್ದೆ. ನನಗೆ ಬೇಡವಾಗಿದ್ದದ್ದು ಅದೇ. ನಾಲ್ಕು ವರ್ಷದಲ್ಲಿ ನಾನು ಹದಿನೇಳು ಪಂದ್ಯ ಗೆದ್ದಿದ್ದೆ. ಹದಿನೇಳನ್ನೂ ಯಾರೋ ಕೊಟ್ಟಿದ್ದರು. ಹನ್ನೊಂದನ್ನು ನೀನು ಕೊಟ್ಟಿದ್ದೆ. ನಮ್ಮ ಆಟವನ್ನು 'ಬಣ್ಣ ಹಚ್ಚದ ವೇಷ' ಎಂದು ಹಾಸ್ಯ ಮಾಡುತ್ತಿದ್ದ ಅಪ್ಪ ಅಂದು ಮೊದಲ ಸಲ ನೋಡಲು ಬಂದು ಎದುರಿನ ಸಾಲಿನಲ್ಲಿ ಕುಳಿತಿದ್ದರು. ಒಂದು ಸಲವಾದರೂ ನಿಜವಾಗಿ ಗೆಲ್ಲಬೇಕು ಅನಿಸಿತು. ಬೇರೆ ಯಾರನ್ನೋ ಅಲ್ಲ, ನಿನ್ನನ್ನು. ಯಾಕೆಂದರೆ ನೀನು ನನಗಿಂತ ಬಲಶಾಲಿ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಇನ್ನು ಕೊನೆಯ ಪಟ್ಟು. ನೀನು ನನ್ನ ಸೊಂಟಕ್ಕೆ ಕೈ ಹಾಕಿದೆ. ಆ ಕ್ಷಣದಲ್ಲಿ ನಾನು ಹಾರಬೇಕು. ಎಂಬತ್ತು ಕಿಲೋದ ಮನುಷ್ಯನನ್ನು ತಲೆಯ ಮೇಲೆ ಎತ್ತುವುದು ಎತ್ತುವವನ ತೋಳು ಮಾತ್ರವಲ್ಲ. ಏಳುವವನ ಕಾಲೂ ಸೇರಬೇಕು. ನಾವು ಅದನ್ನು ನಿಮ್ಮ ಅಂಗಳದಲ್ಲಿ, ಬೈಹುಲ್ಲಿನ ಮೇಲೆ ಹಳೆ ಹಾಸಿಗೆ ಹಾಸಿ ನೂರಾರು ಸಲ ಮಾಡಿದ್ದೆವು. ಅಂದು ನಾನು ಹಾರಲಿಲ್ಲ. ಮೈಯನ್ನು ಪೂರ್ತಿ ಭಾರ ಬಿಟ್ಟೆ. ನಿನಗೆ ಎತ್ತಲಾಗದೆ ಹಿಡಿತ ಸಡಿಲವಾಗುತ್ತದೆ, ಆಗ ಕಾಲು ಕೊಟ್ಟು ಬೀಳಿಸಬಹುದು ಎಂಬುದು ನನ್ನ ಲೆಕ್ಕ.

ನೀನು ಬಿಡಲಿಲ್ಲ. ನನಗೆ ಹೊಟ್ಟೆ ಸರಿ ಇಲ್ಲದೆ ಹಾರಲಾಗಲಿಲ್ಲ ಎಂದು ನೀನು ತಿಳಿದಿರಬೇಕು. ಬರಿಯ ತೋಳಿನಲ್ಲೇ ನಿನ್ನ ಎದೆಯ ಮಟ್ಟಕ್ಕೆ ಎತ್ತಿಬಿಟ್ಟೆ. ಅಲ್ಲಿಂದ ನಾನು ತಲೆಕೆಳಗಾಗಿ ಜಾರಿದೆ. ಕೈ ಬಿಟ್ಟಿದ್ದರೆ ನನ್ನ ಕುತ್ತಿಗೆ ಹಲಗೆಗೆ ಬಡಿಯುತ್ತಿತ್ತು. ನೀನು ಸೊಂಟವನ್ನು ತಿರುಗಿಸಿ ನನ್ನನ್ನು ನಿನ್ನ ಮೈಮೇಲೆ ಹಾಕಿಕೊಂಡೆ. ಆಗ ನಿನ್ನ ಬೆನ್ನಿನಿಂದ ಬಂದ ಶಬ್ದವನ್ನು ಕೇಳಿದವನು ನಾನೊಬ್ಬನೇ.

ಬೇಡ ಎಂಬ ಮಾತು ಬಾರದ್ದರಿಂದ ನೀನು ಒಪ್ಪಿದ್ದೀಯ ಎಂದುಕೊಂಡು ಮಾಸ್ಟ್ರು ರೆಫ್ರಿ ಡೊಂಬಯ್ಯಣ್ಣನಿಗೆ ಬದಲಾವಣೆ ತಿಳಿಸಿದ್ದರು. ಅವರು ಮೂರು ಎಣಿಸಿ ನನ್ನ ಕೈ ಎತ್ತಿದರು. ನಿನಗೆ ಪೆಟ್ಟಾದ್ದರಿಂದ ಆಟವನ್ನು ಬೇಗ ಮುಗಿಸಿದರು ಎಂದು ನೀನು ತಿಳಿದೆ. ನಾನು ಹೇಳಿದ್ದೇನೆ, ನೀನು ಒಪ್ಪಿ ಬೀಳುವಾಗ ತಪ್ಪಿದ್ದೀಯ ಎಂದು ಮಾಸ್ಟ್ರು ತಿಳಿದರು. ನಾಚಿಕೆಯಿಂದ ಅವರು ಆ ಬದಲಾವಣೆಯ ಸುದ್ದಿಯನ್ನು ನಿನ್ನ ಹತ್ತಿರ ಎಂದೂ ಎತ್ತಲಿಲ್ಲ. ಹಾಗೆಯೇ ತಿಳಿದುಕೊಂಡು 2003ರಲ್ಲಿ ತೀರಿಕೊಂಡರು. ನೀವಿಬ್ಬರೂ ಒಂದು ಮಾತು ಆಡಿಕೊಂಡಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. ಆಡಿಕೊಂಡಾರೆಂದು ನಾಲ್ಕು ವರ್ಷ ಹೆದರಿದೆ. ಮಾಸ್ಟ್ರು ಹೋದ ದಿನ ಸ್ವಲ್ಪ ಹಗುರವಾಯಿತು. ಅದನ್ನೂ ನೀನು ತಿಳಿದಿರಬೇಕು.

ಎರಡನೇ ಆಪರೇಷನ್ ಆದ ಮೇಲೆ ಮಂಗಳೂರಿನ ಆಸ್ಪತ್ರೆಯಲ್ಲಿ ನೀನು ನನ್ನ ಕೈ ಹಿಡಿದು, "ನನ್ನಿಂದ ಪಂದ್ಯ ಹಾಳಾಯ್ತು ಜಿತ್ತು. ಪೆಟ್ಟಾದವನನ್ನು ಗೆದ್ದ ಅಂತ ನಿನ್ನ ಊರಿನಲ್ಲಿ ನಿನಗೆ ಮರ್ಯಾದೆ ಹೋಯ್ತು" ಎಂದೆ. ನಾನು "ಬಿಡು ಮಾರಾಯ" ಎಂದೆ. ಅಷ್ಟೇ ಹೇಳಿದೆ.

ಇನ್ನು ಉಮ್ಮನ ವಿಷಯ. ಅದೇ ದಿನ ಹೊರಗೆ ವರಾಂಡದ ಬೆಂಚಿನಲ್ಲಿ ಅವರು ಕಿತ್ತಳೆ ಸುಲಿಯುತ್ತಿದ್ದರು. ನನ್ನನ್ನು ಹತ್ತಿರ ಕೂರಿಸಿಕೊಂಡು, ಬೈಯುವ ಸ್ವರದಲ್ಲಿ ಅಲ್ಲ, ಸುಮ್ಮನೆ ತಿಳಿದುಕೊಳ್ಳುವವರ ಹಾಗೆ ಕೇಳಿದರು: "ನೀನು ಯಾಕೆ ಹಾರಲಿಲ್ಲ ಮಗಾ?"

ನಮ್ಮ ಅಭ್ಯಾಸವನ್ನು ನಾಲ್ಕು ವರ್ಷ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದವರು ಅವರು. ಮೂಡುಬಿದಿರೆಯಲ್ಲಿ ಸೇರಿದ್ದ ಅಷ್ಟೂ ಜನರಲ್ಲಿ ನನ್ನ ಕಾಲನ್ನು ನೋಡಿದವರು ಅವರೊಬ್ಬರೇ.

"ಹಾರಿದ್ದೆ ಉಮ್ಮ" ಎಂದೆ.

ಅವರು ಒಂದು ತೊಳೆಯನ್ನು ನನ್ನ ಕೈಗಿಟ್ಟರು. "ಅವನಿಗೆ ನಾನು ಹೇಳುವುದಿಲ್ಲ. ಹೇಳಿದರೆ ಅವನಿಗೆ ಬೆನ್ನೂ ಇಲ್ಲ, ನೀನೂ ಇಲ್ಲ ಅಂತ ಆಗ್ತದೆ. ನಿನಗೆ ಯಾವಾಗ ಆಗ್ತದೋ ಆಗ ನೀನೇ ಹೇಳು." ಆಮೇಲೆ ಏಳು ವರ್ಷ ಅವರು ಆ ವಿಷಯ ಎತ್ತಲಿಲ್ಲ. ಪ್ರತಿ ಹಬ್ಬಕ್ಕೆ ನಿನ್ನ ಅಕ್ಕ ಜುವೈರಿಯಕ್ಕನ ಕೈಯಲ್ಲಿ ನನಗೆಂದು ತಿಂಡಿಯ ಡಬ್ಬಿ ಕೊಟ್ಟು ಕಳುಹಿಸುತ್ತಿದ್ದರು. ಖಾಲಿ ಡಬ್ಬಿಯನ್ನು ನಾನು ಯಾರದೋ ಕೈಯಲ್ಲಿ ಹಿಂದೆ ಕಳುಹಿಸುತ್ತಿದ್ದೆ, ನಾನೇ ತಂದುಕೊಡುತ್ತಿರಲಿಲ್ಲ. ನಾನು ಏನು ಹೇಳಬೇಕಿತ್ತು ಎಂದು ನೀನು ಕೇಳಿದ್ದಕ್ಕೆ ಉತ್ತರ ಇದು.

ಕನ್ಯಾನದ ಭಾವನ ಚಪ್ಪಲಿ ಅಂಗಡಿಯಲ್ಲಿ ನೀನು ಎತ್ತರದ ಸ್ಟೂಲಿನ ಮೇಲೆ ಕುಳಿತು, ಗಿರಾಕಿಗಳ ಹತ್ತಿರ "ನೀವೇ ಹಾಕಿ ನೋಡಿ, ನನಗೆ ಬಗ್ಗಲಿಕ್ಕಿಲ್ಲ" ಎಂದು ಹೇಳುವುದನ್ನು ಒಮ್ಮೆ ರಸ್ತೆಯ ಆಚೆಯಿಂದ ನೋಡಿದ್ದೇನೆ. ಒಳಗೆ ಬರಲಿಲ್ಲ.

ಕ್ಷಮಿಸು ಎಂದು ಬರೆದರೆ ನೀನು ಕ್ಷಮಿಸಿಬಿಡುತ್ತೀಯ. ಆದ್ದರಿಂದ ಬರೆಯುತ್ತಿಲ್ಲ. ಒಂದನ್ನು ಮಾತ್ರ ಕೇಳುತ್ತೇನೆ: ಮಾರ್ಚ್ ಐದರಂದು ಆ ಜನರ ಎದುರು ಅಹಂಕಾರ ಎಂಬ ಮಾತನ್ನು ನಿನ್ನ ಹೆಸರಿನ ಜೊತೆ ಹೇಳಬೇಡ. ನಿನ್ನ ಹಿಡಿತ ಸರಿಯಿತ್ತು. ನಿನ್ನ ಬೆನ್ನೂ ಸರಿಯಿತ್ತು.

ಇಂತು,
ಜಿತೇಶ್

ಮರೆತದ್ದು: ಮರೆತದ್ದು ಎಂದು ಬರೆದೆ, ಅದು ಸುಳ್ಳು. ಮೇಲೆ ಎಲ್ಲಿಯೂ ಬರೆಯಲು ಧೈರ್ಯ ಬರಲಿಲ್ಲ. ನಾನು ನಿನ್ನ ಭುಜಗಳನ್ನು ಒತ್ತಿ ಹಿಡಿದಾಗ, ಡೊಂಬಯ್ಯಣ್ಣ ಎಣಿಸಲು ಶುರು ಮಾಡುವ ಮೊದಲೇ, ನೀನು ನನ್ನ ಕಿವಿಯ ಹತ್ತಿರ ಹೇಳಿದೆ: "ಜಿತ್ತು, ಏಳು ಮಾರಾಯ, ನನಗೆ ಕಾಲು ಗೊತ್ತಾಗುವುದಿಲ್ಲ." ಗಲಾಟೆಯಲ್ಲಿ ನನಗೆ ಕೇಳಿಸಲಿಲ್ಲ ಎಂದು ನೀನು ಆಮೇಲೆ ಎಲ್ಲರಿಗೂ ಹೇಳುತ್ತಿದ್ದೆ. ನನಗೆ ಕೇಳಿಸಿತ್ತು. ಮೂರು ಎಣಿಸುವ ತನಕ ನಾನು ಏಳಲಿಲ್ಲ.

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ಅಂಚೆಯಲ್ಲಿ ಬಂದರೆ ಓದುವಾಗ ನೀನು ಒಬ್ಬನೇ ಇರುತ್ತೀಯ. ಮಂಗಳವಾರ ಬೆಳಿಗ್ಗೆ ಏಳೂಕಾಲರ ಬಸ್ಸಿಗೆ ಹೊರಟು, ಕನ್ಯಾನದಲ್ಲಿ ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸುವ ತನಕ ಎದುರು ನಿಲ್ಲುವುದೆಂದು ತೀರ್ಮಾನಿಸಿದ್ದೇನೆ.