ನಲವತ್ತೊಂದು ಉಂಗುರಗಳು

ಅತ್ತೆ,

ನಿಮಗೆ ಬರುವ ಕಾಗದಗಳನ್ನೆಲ್ಲ ಓದಿ ಹೇಳುವವನು ನಾನೇ. ಹಾಗಾಗಿ ಇದನ್ನು ನಾನೇ ಬರೆದು, ನಾನೇ ತಂದು, ವೃದ್ಧಾಶ್ರಮದಲ್ಲಿ ನಿಮ್ಮ ಮಂಚದ ಪಕ್ಕ ಕೂತು ನಾನೇ ಓದಬೇಕು. ಅಂಚೆಯವನ ಕಾಲಿಗೆ ಅಷ್ಟು ನಡಿಗೆ ಉಳಿಯಿತು. ಭಾನುವಾರ ಓದುವ ಧೈರ್ಯ ಬರುತ್ತದೋ ಇಲ್ಲವೋ, ಬರೆಯುವುದನ್ನಾದರೂ ಮುಗಿಸುತ್ತೇನೆ.

ಅಪ್ಪನ ಅಕ್ಕ ಅಂದರೆ ನನಗೆ ಹಳ್ಳಿಯಲ್ಲಿ ಬರೀ ಒಂದು ಫೋಟೋ ಆಗಿತ್ತು. ಕೆಲಸವಿಲ್ಲದೆ ಅಲೆಯುತ್ತಿದ್ದ ನನ್ನನ್ನು ಪಟ್ಟಣಕ್ಕೆ ಕರೆಸಿಕೊಂಡು, ವೀಕ್ಷಣಾಲಯದ ನೆಲಮಾಳಿಗೆಯಲ್ಲಿ ಗಾಜುಗಳ ಪೆಟ್ಟಿಗೆ ಹೊರುವ ಕೆಲಸ ಕೊಡಿಸಿದಿರಿ. ಮೊದಲ ದಿನವೇ ಒಂದು ಗಾಜನ್ನು ದೀಪದ ಮೇಜಿನ ಮೇಲಿಟ್ಟು ತೋರಿಸಿದಿರಿ. ತಿಳಿಯಾದ ಗಾಜು, ಅದರ ತುಂಬ ಕರಿ ಚುಕ್ಕಿ. ನೊಣ ಕೂತು ಹೋದ ಹಾಗಿದೆಯಲ್ಲ ಎಂದು ನಾನು ನಕ್ಕೆ. ನೀವು ನಗಲಿಲ್ಲ. ದೂರದರ್ಶಕಕ್ಕೆ ಸಿಕ್ಕಿಸಿ ತೆಗೆದ ಆಕಾಶದ ಚಿತ್ರ ಇದು, ಗಾಜಿನ ಮೇಲೆ ಆಕಾಶ ಬಿಳಿ, ನಕ್ಷತ್ರ ಕಪ್ಪು ಎಂದು ವಿವರಿಸಿ, ಕೊನೆಗೆ ಹೇಳಿದಿರಿ: "ಒಂದೊಂದು ನೊಣಾನೂ ಒಂದೊಂದು ಸೂರ್ಯ. ಬೆರಳು ತಾಗಿಸಿದ್ಯೋ, ಕೈ ಮುರಿತೀನಿ."

ನಿಮ್ಮ ಕೆಲಸ ಏನೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಾಗಲು ವರ್ಷ ಹಿಡಿಯಿತು. "ರಾತ್ರಿ ಆಕಾಶ ನೋಡೋರು ದೊಡ್ಡ ಸಾಹೇಬ್ರು, ಹಗಲು ಅದನ್ನ ಎಣಿಸೋಳು ನಾನು. ನೆಗಡಿ ಅವರಿಗೆ, ಸೊಂಟನೋವು ನನಗೆ. ಹೆಸರು ಮಾತ್ರ ಅವರೊಬ್ಬರಿಗೇ" ಎಂದು ನೀವು ಹೇಳುತ್ತಿದ್ದಿರಿ. ಮೂವತ್ತನಾಲ್ಕು ವರ್ಷ ಅದನ್ನೇ ಹೇಳಿದಿರಿ. ಜಗಳ ಮಾತ್ರ ಒಂದು ದಿನವೂ ಆಡಲಿಲ್ಲ.

ನಮ್ಮ ಗ್ಯಾಲಕ್ಸಿ ಎಷ್ಟು ದೊಡ್ಡದು ಎಂದು ಕೇಳಿದಾಗ ನೀವು ಲೆಕ್ಕ ಹೇಳಲಿಲ್ಲ, ಕತೆ ಹೇಳಿದಿರಿ. ಬಾಗಿಲೇ ಇಲ್ಲದ ಒಂದು ಮನೆ. ಒಬ್ಬ ಅದರೊಳಗೇ ಹುಟ್ಟಿದ, ಅದರೊಳಗೇ ಸಾಯುತ್ತಾನೆ. ಕೂತ ಕೋಣೆ ಬಿಟ್ಟು ಏಳುವ ಹಾಗಿಲ್ಲ. ಮನೆ ಎಷ್ಟು ಉದ್ದ ಎಂದು ಅವನು ಹೇಳಬೇಕು. ಹೇಗೆ? ಕೋಣೆಕೋಣೆಯಲ್ಲೂ ಒಂದೇ ಶಕ್ತಿಯ ದೀಪ ಉರಿಯುತ್ತಿದೆ ಎಂದು ತಿಳಿದರೆ ಸಾಕು. ಮಂಕಾಗಿ ಕಂಡದ್ದು ದೂರದ್ದು. ಆಕಾಶದಲ್ಲೂ ಅಂಥ ದೀಪಗಳಿವೆ, ಉಬ್ಬಿ ಕುಗ್ಗಿ ಉಸಿರಾಡುವ ನಕ್ಷತ್ರಗಳು. ಒಂದು ಉಸಿರಿಗೆ ಎಷ್ಟು ದಿನ ಹಿಡಿಯುತ್ತದೆ ಎಂದು ಅಳೆದರೆ ಅದರ ನಿಜವಾದ ಬೆಳಕು ಗೊತ್ತಾಗುತ್ತದೆ, ಅದರಿಂದ ದೂರ. ಈ ಅಂಚಿನಿಂದ ಆ ಅಂಚಿಗೆ ಬೆಳಕಿಗೇ ಒಂದು ಲಕ್ಷ ವರ್ಷದ ದಾರಿ ಎಂದಾಗ ನಾನು ಬೆಪ್ಪಾಗಿ ಕೂತೆ. "ಬಾಯಿ ಮುಚ್ಚೋ, ಗಾಜಿನ ಮೇಲೆ ಹಬೆ ಬೀಳುತ್ತೆ" ಎಂದಿರಿ.

ಕೊನೆಯ ನಾಲ್ಕು ವರ್ಷ ನೀವು ಯಾರೂ ಹೇಳದ ಒಂದು ಕೆಲಸ ಮಾಡಿದಿರಿ. ಗ್ಯಾಲಕ್ಸಿಯ ದೂರದ ಅಂಚಿನ ಚಿತ್ರ ಬಿದ್ದಿದ್ದ ಹದಿನಾಲ್ಕು ಗಾಜು ಆರಿಸಿ, ಊಟದ ಬಿಡುವಿನಲ್ಲಿ ಒಂದಕ್ಕೊಂದು ಹೋಲಿಸಿ, ಉಸಿರಾಡುವ ನಲವತ್ತೊಂದು ನಕ್ಷತ್ರ ಹುಡುಕಿದಿರಿ. ಗಾಜಿನ ಬೆನ್ನಿಗೆ ಮಸಿಯಲ್ಲಿ ಒಂದೊಂದಕ್ಕೂ ಉಂಗುರ ಎಳೆದು, ಪಕ್ಕದಲ್ಲಿ ಸಾಸಿವೆ ಕಾಳಿನಂಥ ಅಂಕಿ ಬರೆದಿರಿ. "ನನಗೆ ಯಾರೂ ಉಂಗುರ ತೊಡಿಸ್ಲಿಲ್ಲ, ನಾನು ನಲವತ್ತೊಂದು ಜನಕ್ಕೆ ತೊಡಿಸಿದೆ" ಎಂದು ನಕ್ಕಿರಿ. ಆಮೇಲೆ ಮೆಲ್ಲಗೆ, "ಇದೊಂದು ನನ್ನ ಹೆಸರಲ್ಲಿ ಬರಬೇಕು ಕಣೋ" ಎಂದಿರಿ. ನಿವೃತ್ತಿಯಾದ ಬೆನ್ನಿಗೇ ನಿಮ್ಮ ಕಣ್ಣು ಹೋಯಿತು, ಅದು ಅಚ್ಚಾಗದೆ ಉಳಿಯಿತು.

ಇಪ್ಪತ್ತು ವರ್ಷದ ಮೇಲೆ ಸ್ಕ್ಯಾನರ್ ಬಂತು. ಗಾಜುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕು. ಮಸಿ ಇದ್ದರೆ ನಕ್ಷತ್ರ ಮರೆಯಾಗುತ್ತದೆ, ಒರೆಸಬೇಕು. ಒರೆಸುವ ಮುಂಚೆ ಮಸಿಯ ಗುರುತುಗಳ ಫೋಟೋ ತೆಗೆಯಬೇಕು. ಇದು ನಿಯಮ. ಒರೆಸುವ ಕೆಲಸ ನನ್ನದು, ಫೋಟೋದವನು ಬೇರೆ. ಶುಕ್ರವಾರಕ್ಕೆ ಯೋಜನೆ ಮುಗಿಯುತ್ತಿತ್ತು, ಅಷ್ಟರಲ್ಲಿ ಏರದ ಗಾಜು ನೆಲಮಾಳಿಗೆಯಲ್ಲೇ ಕೊಳೆಯಬೇಕು. ನಿಮ್ಮ ಹದಿನಾಲ್ಕು ಉಳಿದಿದ್ದವು. ಗುರುವಾರ ಫೋಟೋದವನು ಜ್ವರವೆಂದು ಬರಲಿಲ್ಲ.

ಅಂಕಿಗಳೆಲ್ಲ ನಿಮ್ಮ ಕೆಂಪು ರಟ್ಟಿನ ರಿಜಿಸ್ಟರಿನಲ್ಲಿ ಇರುತ್ತವೆ ಎಂದುಕೊಂಡೆ. ಅಷ್ಟು ಅಚ್ಚುಕಟ್ಟಿನವರು ನೀವು, ಇರದೆ ಹೋಗುತ್ತದೆಯೇ. ಸ್ಪಿರಿಟ್ ಅದ್ದಿದ ಬಟ್ಟೆ, ಬ್ಲೇಡು. ಫೋಟೋ ಇಲ್ಲದೆಯೇ ಹದಿನಾಲ್ಕನ್ನೂ ಒರೆಸಿ, ಬೆಳಕಿಗೆ ಹಿಡಿದು ನೋಡಿ, ನೀವಿದ್ದಿದ್ದರೆ ಬೆನ್ನು ತಟ್ಟುತ್ತಿದ್ದಿರಿ ಎಂದುಕೊಂಡೆ. ಅಷ್ಟಾದ ಮೇಲೆ ರಿಜಿಸ್ಟರು ತೆರೆದೆ. ನಿಮ್ಮದೇ ದುಂಡಗಿನ ಅಕ್ಷರ. ಹದಿನಾಲ್ಕು ಗಾಜುಗಳ ಮುಂದೆಯೂ ಒಂದೇ ಸಾಲು: ವಿವರ ಗಾಜಿನ ಮೇಲಿದೆ.

ಕಾಗದ ಹರಿಯುತ್ತೆ, ಗಾಜು ಉಳಿಯುತ್ತೆ ಎಂದು ನೀವು ಹೇಳುತ್ತಿದ್ದುದು ಆಗ ನೆನಪಾಯಿತು.

ಹೊಸದಾಗಿ ಬಂದಿದ್ದ ವಿಜ್ಞಾನಿ ಹುಡುಗಿಯ ಹತ್ತಿರ ಓಡಿದೆ. ಒಳ್ಳೆಯವಳು, ಕೂರಿಸಿ ನೀರು ಕೊಟ್ಟಳು. ಆ ಗಾಜುಗಳನ್ನು ಕಂಪ್ಯೂಟರಿಗೆ ಹಾಕಿದಳು. ನಿಮ್ಮ ನಾಲ್ಕು ವರ್ಷವನ್ನು ಅದು ಒಂದು ಮಧ್ಯಾಹ್ನದಲ್ಲಿ ಮುಗಿಸಿತು. ಉಸಿರಾಡುವ ನಕ್ಷತ್ರ ಮುನ್ನೂರಕ್ಕೂ ಹೆಚ್ಚು ಸಿಕ್ಕವು. "ಅವರ ನಲವತ್ತೊಂದೂ ಇದರಲ್ಲೇ ಇರುತ್ತೆ ಅಣ್ಣಾ. ಆದ್ರೆ ಯಾವುದು ಅಂತ ಹೇಗೆ ಹೇಳೋದು?" ಎಂದಳು. ನಕ್ಷತ್ರ ಒಂದೂ ಕಳೆದಿಲ್ಲ ಅತ್ತೆ. ಅವನ್ನು ಮೊದಲು ಕಂಡವರು ಯಾರು ಎಂಬುದಷ್ಟೇ ಕಳೆದಿದೆ. ಎಪ್ಪತ್ತು ಸಾವಿರ ವರ್ಷ ನಡೆದು ಬಂದ ಬೆಳಕು ಗಾಜಿನ ಮೇಲೆ ಹಾಗೇ ಇದೆ. ನಿಮ್ಮ ಉಂಗುರಗಳು ಅಳಿಯಲು ನನ್ನ ಕೈಯಲ್ಲಿ ಅರ್ಧ ಗಂಟೆ ಹಿಡಿಯಿತು.

ಎರಡು ವರ್ಷ ಪ್ರತಿ ಭಾನುವಾರ ನೀವು ಕೇಳಿದಿರಿ, ಉಂಗುರಗಳು ಫೋಟೋದಲ್ಲಿ ಬಂದ್ವೇನೋ ಎಂದು. ಚೆನ್ನಾಗಿ ಬಂದಿವೆ, ಅಚ್ಚಾಗೋದು ತಡ ಎಂದು ನಾನು ಹೇಳಿದೆ. ಹಳ್ಳಿಯಲ್ಲಿ ಕತೆ ಕಟ್ಟಲು ಕಲಿತವನು ನಾನು, ಅದು ಕಷ್ಟವಾಗಲಿಲ್ಲ. ನೀವು ಪಕ್ಕದ ಮಂಚದ ಅಜ್ಜಿಗೂ ನರ್ಸಮ್ಮನಿಗೂ ಹೇಳಿ ಮೆರೆದಿರಿ.

ಹೋದ ವಾರ ಒಂದು ಗಾಜು ತಂದು ಕೈಗೆ ಕೊಡು ಎಂದಿರಿ. ಬಿರುಕು ಬಿಟ್ಟಿದ್ದ ಏಳನೆಯದನ್ನು ವೀಕ್ಷಣಾಲಯದಲ್ಲಿ ಕೇಳಿಕೊಂಡು ತಂದೆ. ಎಂಬತ್ತೊಂದು ವರ್ಷದ ಬೆರಳಿಗೆ ಏನು ತಿಳಿದೀತು ಎಂದುಕೊಂಡೆ. ಒಣಗಿದ ಮಸಿ ಗಾಜಿನ ಮೇಲೆ ಕೂದಲೆಳೆಯಷ್ಟು ಉಬ್ಬಿರುತ್ತದೆ, ಅದನ್ನು ಮರೆತೇ ಬಿಟ್ಟಿದ್ದೆ. ನೀವು ಗಾಜನ್ನು ತಿರುಗಿಸಿ, ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿದಿರಿ. ಒಂದು ಮೂಲೆಯಿಂದ ಇನ್ನೊಂದಕ್ಕೆ. ಮತ್ತೆ ಮೊದಲಿನಿಂದ. ಆಮೇಲೆ ನನ್ನ ಕೈಗೆ ಕೊಟ್ಟು, "ಚೆನ್ನಾಗಿ ಒರೆಸಿದ್ದೀಯ" ಎಂದಿರಿ. ಅಷ್ಟೇ. ಬೈಯಲಿಲ್ಲ. ನಾನು ಹೊರಡುವಾಗ, ಬಸ್ಸು ಸಿಗುತ್ತೇನೋ ಎಂದು ಕೇಳಿದಿರಿ. ಉಂಗುರದ ಮಾತು ಬರಲಿಲ್ಲ.

ಇನ್ನು ಬರುವುದೂ ಇಲ್ಲ ಎಂದು ನನಗೆ ಗೊತ್ತು.

ಈ ಭಾನುವಾರವೂ ಬರುತ್ತೇನೆ. ಈ ಕಾಗದ ಜೇಬಿನಲ್ಲಿರುತ್ತದೆ. ನಾನು ದಿನಪತ್ರಿಕೆ ಓದಿ ಹೇಳುತ್ತೇನೆ, ನೀವು ಹೂಂಗುಟ್ಟುತ್ತೀರಿ. ನಿದ್ದೆಯಾದರೂ ನಿಮಗೆ ಸರಿಯಾಗಿ ಬರಲಿ, ಅತ್ತೆ.

ಇಂತಿ,
ನಿಮ್ಮ ಗಾಜು ಒರೆಸಿದವನು